ಮೇ ಆರು, ಬೆಳಿಗ್ಗೆ ಹತ್ತು ಗಂಟೆ

ಮಾರ್ಚ್ 31, ಮಂಗಳವಾರ

ಬೆಳಿಗ್ಗೆ ಕಚೇರಿಗೆ ಹೋದಾಗ ನಮ್ಮ ಸಹಾಯವಾಣಿ ಸತ್ತಿತ್ತು. ಸಂಜೆ ನಾಲ್ಕಕ್ಕೆ ಮತ್ತೆ ಬದುಕಿತು. ನಡುವಿನ ಹೊತ್ತಿನಲ್ಲಿ ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಮೂರು ಸಿಗರೇಟು ಸೇದಿದೆ. ಧೂಮಪಾನ ಬಿಡಿಸುವ ಸಹಾಯವಾಣಿಯಲ್ಲಿ ಕೂತು ದಿನಕ್ಕೆ ಇಪ್ಪತ್ತು ಜನರಿಗೆ ‘ಬಿಡಿ, ನಿಮ್ಮ ಕೈಲಿ ಆಗುತ್ತೆ’ ಎನ್ನುವವನು ಹೀಗೆ ಮಾಡಬಾರದು, ಗೊತ್ತು. ಅದಕ್ಕೇ ಮುಂದಿನ ಮೆಟ್ಟಿಲು ಬಿಟ್ಟು ಹಿಂದಿನ ಮೆಟ್ಟಿಲು.

ನಡೆದದ್ದು ಇಷ್ಟು. ಹಣಕಾಸು ವರ್ಷ ಇವತ್ತಿಗೆ ಮುಗಿಯಿತು, ಸಹಾಯವಾಣಿಯೂ ಇವತ್ತಿಗೆ ಬಂದ್ ಎಂದು ಬೆಳಿಗ್ಗೆ ಆದೇಶ ಬಂದಿತ್ತು. ಹೊಸ ಬಜೆಟ್ಟಿಗೆ ಸದನದಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಜಗಳ ತೀರುವವರೆಗೆ ಬಾಗಿಲು ತೆರೆದಿರಲಿ ಎಂದು ಕೊನೆಯ ಗಳಿಗೆಯಲ್ಲಿ ಒಂದು ತಾತ್ಕಾಲಿಕ ಅನುದಾನ ಮಸೂದೆ ಪಾಸು ಮಾಡಿಕೊಂಡಿದ್ದಾರೆ. ಏಪ್ರಿಲ್ 24ರವರೆಗೆ ನಮಗೆ ಜೀವ. ಜೊತೆಗೊಂದು ಸುತ್ತೋಲೆ: ನಡೆಯುತ್ತಿರುವುದನ್ನು ನಡೆಸಬಹುದು, ಹೊಸದೇನನ್ನೂ ಶುರು ಮಾಡುವಂತಿಲ್ಲ. ಕೆಳಮಹಡಿಯ ಲಸಿಕೆಯವರು ಹೊಸ ಬಡಾವಣೆಗೆ ಕಾಲಿಡುವಂತಿಲ್ಲ. ಎದುರು ಕೋಣೆಯ ನೀರು ಪರೀಕ್ಷೆಯವರು ಹಳೆಯ ಬಾವಿಗಳ ನೀರನ್ನೇ ಮತ್ತೆ ಮತ್ತೆ ಬಾಟಲಿಗೆ ತುಂಬಬೇಕು. ನಾವು ಹೊಸಬರನ್ನು ನೋಂದಾಯಿಸುವಂತಿಲ್ಲ.

“ಇರೋ ಹಳೇ ಸಿಗರೇಟಿಗರೇ ಸಾಕಷ್ಟು ಇದ್ದಾರೆ ಬಿಡಿ,” ಎಂದೆ. ಮೇಡಂ ನಗಲಿಲ್ಲ. ನಮ್ಮ ಮೇಲ್ವಿಚಾರಕಿಗೆ ನಗು ಬರುವುದು ಮಂಜೂರಾತಿ ಪತ್ರ ಬಂದಾಗ ಮಾತ್ರ.

ಮನೆಗೆ ಬಂದರೆ ಅಕ್ಕ ನನ್ನ ಲೈಟರ್ ಹಿಡಿದು ಕೂತಿದ್ದಾಳೆ. ಬಟ್ಟೆ ಆಲ್ಟರ್ ಮಾಡುವವಳಿಗೆ ನೈಲಾನ್ ದಾರದ ತುದಿ ಸುಟ್ಟು ಬಿಗಿ ಮಾಡಲು ಬೆಂಕಿ ಬೇಕಂತೆ. “ಇದು ನಿನ್ನ ಪ್ಯಾಂಟಿನ ಜೇಬಲ್ಲಿ ಯಾಕಿತ್ತು ಅಂತ ನಾನು ಕೇಳಲ್ಲ,” ಎಂದಳು. ನಾನೂ ಹೇಳಲಿಲ್ಲ. ಅವಳು ಅಡುಗೆಮನೆಗೆ ಹೋದಾಗ ಸೂಜಿ ಡಬ್ಬಿಯಿಂದ ಎತ್ತಿಕೊಂಡು ಬಂದೆ.

ಏಪ್ರಿಲ್ 2, ಗುರುವಾರ

ಮಧ್ಯಾಹ್ನ ಒಂದು ಕರೆ. ಗಂಡಸಿನ ದನಿ, ದಪ್ಪ ದನಿ. ನಾನು ‘ನಮಸ್ಕಾರ, ಧೂಮಪಾನ ಬಿಡಿಸುವ ಸಹಾಯವಾಣಿ’ ಎಂದು ಮುಗಿಸುವ ಮೊದಲೇ ಆ ಕಡೆಯಿಂದ, “ಒಂದ್ನಿಮಿಷ. ನೀವು ಬಸ್ ಸ್ಟ್ಯಾಂಡ್ ಅಲ್ವಾ?”

ಹದಿನೆಂಟು ವರ್ಷ ನಾನು ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವನು. ಎರಡು ವರ್ಷದ ಹಿಂದೆ ಅಲ್ಲಿಗೆ ರೆಕಾರ್ಡ್ ದನಿಯ ಒಬ್ಬಳು ಯಂತ್ರದಮ್ಮ ಬಂದಳು. ಅವಳಿಗೆ ಊಟ, ರಜೆ, ಶೀತ, ಕೆಮ್ಮು ಯಾವುದೂ ಇಲ್ಲ. ನಾನು ಹೊರಬಿದ್ದೆ. ಆಮೇಲೆ ಯಾರೂ ನನ್ನನ್ನು ದನಿಯಿಂದ ಗುರುತಿಸಿರಲಿಲ್ಲ.

“ಹದಿನಾರು ವರ್ಷ ನೀವು ಹೇಳಿದ ಮೇಲೇ ನಾನು ಗಾಡಿ ತೆಗೆದಿರೋದು ಸಾರ್. ನೀವು ಟೈಮ್ ಅಂದ್ರೆ ಟೈಮ್. ಈಗಿರೋಳು ಬಸ್ ಹೋದ್ಮೇಲೆ ಬರ್ತಿದೆ ಅಂತಾಳೆ.”

ಬಸ್ ಡ್ರೈವರು. ಬಲಗಾಲಿನ ಹೆಬ್ಬೆರಳು ಕಪ್ಪಾಗಿದೆಯಂತೆ. ಸಿಗರೇಟಿನಿಂದ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಎಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಒಂದು ತಿಂಗಳು ಒಂದೂ ಸೇದದೆ ಬಂದರೆ ಆಪರೇಷನ್ ಮಾಡಿ ಕಾಲು ಉಳಿಸುತ್ತಾರೆ. ಸೇದುತ್ತಿದ್ದರೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ, ಪಾದ ತೆಗೆಯುವುದೇ.

“ಬ್ರೇಕಿನ ಕಾಲು ಸಾರ್ ಅದು,” ಎಂದರು.

ಹೊಸಬರನ್ನು ನೋಂದಾಯಿಸುವಂತಿಲ್ಲ. ಹೇಗೆ ಹೇಳಲಿ ಎಂದು ಮುಖ ಹುಳ್ಳಗೆ ಮಾಡಿಕೊಂಡು ಪಕ್ಕಕ್ಕೆ ನೋಡಿದೆ. ಪಕ್ಕದ ಕುರ್ಚಿಯಲ್ಲಿರುವ ನಮ್ಮ ಸಿಸ್ಟರ್ ನಿವೃತ್ತ ನರ್ಸು. ಕಂಪ್ಯೂಟರಿನಲ್ಲಿ ಕೆದಕಿ ಕೆದಕಿ ಒಂದು ಸಾಲು ಹುಡುಕಿದರು. ನಂಬರ್ ನಮಗೆ ತೋರಿಸದಿದ್ದರೂ ಕಂಪ್ಯೂಟರು ಅದರ ಹಳೆಯ ಲೆಕ್ಕ ಇಟ್ಟಿರುತ್ತದೆ: ಮೂರು ವರ್ಷದ ಹಿಂದೆ ಇದರಿಂದಲೇ ಒಂದು ಕರೆ ಬಂದಿತ್ತು. ಷರಾ: ‘ಮಾತಾಡದೆ ಇಟ್ಟರು.’

“ಹಳೇ ಕೇಸು,” ಎಂದರು ಸಿಸ್ಟರ್, ಕನ್ನಡಕದ ಮೇಲಿನಿಂದ ಮೇಡಂ ಕಡೆ ನೋಡುತ್ತ. “ಮುಂದುವರಿಸ್ತಾ ಇದ್ದೀವಿ ಅಷ್ಟೆ.”

ಮೇಡಂ ಪರದೆ ನೋಡಿದರು, ಸುತ್ತೋಲೆ ನೋಡಿದರು, ಕಾಫಿ ತರಲು ಹೋದರು.

ಏಪ್ರಿಲ್ 6, ಸೋಮವಾರ

ಡ್ರೈವರು ಇಂದು ಬೆಳಿಗ್ಗೆ ಬಿಟ್ಟರು. ನಮ್ಮ ಪದ್ಧತಿಯಲ್ಲಿ ಬಿಟ್ಟ ದಿನ ಒಂದು ಕರೆ, ಆಮೇಲೆ ಮೂರನೇ ದಿನ, ಏಳು, ಹದಿನಾಲ್ಕು, ಮೂವತ್ತು. ಒಂದು ನಿಯಮ ಮಾತ್ರ ಕಲ್ಲಿನಲ್ಲಿ ಕೊರೆದಂತೆ: ಮುಂದಿನ ಕರೆಯ ತಾರೀಖು, ವಾರ, ಗಂಟೆ ಹೇಳದೆ ಫೋನ್ ಇಡಬಾರದು. ಬಿಡುವವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ನನಗೆ ಈ ನಿಯಮ ಬಲು ಇಷ್ಟ. ಹದಿನೆಂಟು ವರ್ಷ ನಾನು ಮಾಡಿದ್ದು ಅದನ್ನೇ.

“ಏಪ್ರಿಲ್ ಒಂಬತ್ತು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ,” ಎಂದೆ, ಹಳೆಯ ಮೈಕಿನ ದನಿಯಲ್ಲಿ.

“ಪ್ಲಾಟ್‌ಫಾರ್ಮ್ ನಂಬರ್ ಹೇಳ್ಲಿಲ್ಲ,” ಎಂದು ನಕ್ಕರು. ಆಮೇಲೆ ಕೇಳಿದರು, “ನೀವು ಸೇದ್ತೀರಾ ಸಾರ್?”

ಇಂಥ ಪ್ರಶ್ನೆಗೆ ನಮಗೊಂದು ಸಿದ್ಧ ಉತ್ತರವಿದೆ: ಈ ಕರೆ ನಿಮ್ಮ ಬಗ್ಗೆ. ಅದನ್ನು ಹೇಳಿದ್ದರೆ ಆಗುತ್ತಿತ್ತು. ನಾನು ‘ಇಲ್ಲ’ ಎಂದುಬಿಟ್ಟೆ. ಆಮೇಲೆ ಹಿಂದಿನ ಮೆಟ್ಟಿಲಿಗೆ ಹೋಗಿ ಒಂದು ಹಚ್ಚಿದೆ. ರುಚಿಸಲಿಲ್ಲ, ಆದರೂ ಪೂರ್ತಿ ಸೇದಿದೆ.

ಏಪ್ರಿಲ್ 13, ಸೋಮವಾರ

ಏಳನೇ ದಿನ. ಡ್ರೈವರು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದಾರಂತೆ. ನಿನ್ನೆ ಫ್ಯಾನಿನ ಜೊತೆಗೂ ಜಗಳವಾಗಿದೆ.

“ಮನೇಲಿ ಕೂತ್ರೆ ಕೈ ತಾನಾಗಿ ಜೇಬಿಗೆ ಹೋಗುತ್ತೆ. ಅದಕ್ಕೆ ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಬಂದ್ಬಿಡ್ತೀನಿ. ಏಳನೇ ಪ್ಲಾಟ್‌ಫಾರ್ಮ್, ಬೆಂಚು. ನಿಮ್ಮ ಕಾಲ್ ಇಲ್ಲೇ ತಗೊಳೋದು ನಾನು, ಹೆಂಡತಿ ಎದುರು ಮಾತಾಡಕ್ಕೆ ಒಂಥರಾ ಆಗುತ್ತೆ.”

ಹಿಂದಿನಿಂದ ಯಂತ್ರದಮ್ಮನ ದನಿ ಕೇಳುತ್ತಿತ್ತು. ಅವಳು ಊರಿನ ಹೆಸರಿನ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ಉಸಿರೇ ಇಲ್ಲದವಳಿಗೆ ಯಾಕೆ ಬೇಕು ಆ ಚಾಳಿ?

ಅರ್ಧ ಗಂಟೆ ಮಾತಾಡಿದೆವು. ಬೆರಳಿಗೆ ಕೆಲಸ ಬೇಕು, ಕಡಲೆಕಾಯಿ ಸುಲಿಯಿರಿ ಎಂದೆ. ಹೇಳಿದವನು ಸುಮ್ಮನಿರಬಾರದೆಂದು ಸಂಜೆ ನಾನೂ ಒಂದು ಪೊಟ್ಟಣ ತಂದೆ. ಅಕ್ಕನ ಹೊಲಿಗೆ ಮಿಷನ್ನಿನ ಸುತ್ತ ಸಿಪ್ಪೆ ಹರಡಿದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ.

ಏಪ್ರಿಲ್ 20, ಸೋಮವಾರ

ಇಂದು ಘನಂದಾರಿ ಕೆಲಸ ಮಾಡಿದೆ.

ಹದಿನಾಲ್ಕನೇ ದಿನದ ಕರೆ ಚೆನ್ನಾಗಿಯೇ ಹೋಯಿತು. ಒಂದೂ ಸೇದಿಲ್ಲ. ಬೆರಳಿನ ನೋವು ಹಾಗೇ ಇದೆ, ಆದರೆ ಕಪ್ಪು ಮೇಲಕ್ಕೆ ಏರಿಲ್ಲ. ಡಾಕ್ಟರು ಮೇ ಎಂಟಕ್ಕೆ ಆಪರೇಷನ್ ಇಟ್ಟುಕೊಂಡಿದ್ದಾರೆ, ಮೂವತ್ತು ದಿನ ತುಂಬಿದರೆ. ಖುಷಿಯಾಗಿ, ಬಾಯಿ ಅಭ್ಯಾಸದಲ್ಲಿ, “ಮುಂದಿನ ಕರೆ ಮೇ ಆರು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ,” ಎಂದೆ.

“ಬರ್ಕೊಂಡೆ. ಅಲ್ಲೀವರೆಗೂ ಮುಟ್ಟಲ್ಲ. ನಿಮ್ಮ ಮಾತಿನ ಮೇಲೆ ಇದ್ದೀನಿ.”

ಫೋನ್ ಇಟ್ಟ ಮೇಲೆ ನೋಡುತ್ತೇನೆ, ಸಿಸ್ಟರ್ ನನ್ನನ್ನೇ ನೋಡುತ್ತಿದ್ದಾರೆ. “ಮೇ ಆರಾ? ನಮ್ಮ ಆಯಸ್ಸು ಇಪ್ಪತ್ನಾಲ್ಕಕ್ಕೆ ಮುಗಿಯುತ್ತಲ್ರೀ.”

ನಾಲಿಗೆ ಕಚ್ಚಿಕೊಂಡೆ. ಇಲ್ಲದ ಬಸ್ಸಿಗೆ ಹೊರಡುವ ಸಮಯ ಕೂಗಿದ್ದೇನೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು.

ಹಿಂದಿನ ಮೆಟ್ಟಿಲು. ಎರಡು, ಒಂದರ ಬೆಂಕಿಯಿಂದ ಇನ್ನೊಂದು.

ಏಪ್ರಿಲ್ 22, ಬುಧವಾರ

ಸರಿಪಡಿಸೋಣ ಎಂದು ಡ್ರೈವರಿಗೆ ಕರೆ ಮಾಡಿದೆ. ಅವರ ಹೆಂಡತಿ ಎತ್ತಿದರು. ಡ್ರೈವರು ಫೋನು ಚಾರ್ಜಿಗಿಟ್ಟು ಡ್ರೆಸ್ಸಿಂಗ್ ಮಾಡಿಸಲು ಆಸ್ಪತ್ರೆಗೆ ಹೋಗಿದ್ದಾರೆ.

“ನೀವೇನಾ ಅಣ್ಣಾ ಅದು? ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ, ಮೇ ಆರು ಹತ್ತು ಗಂಟೆ ಅಂತ. ದಿನಾ ಎದ್ದು ಅದನ್ನ ನೋಡ್ತಾರೆ. ಮೂವತ್ತು ವರ್ಷದಿಂದ ನಾನು ಹೇಳಿದ್ದಕ್ಕೆ ಬಿಡದವರು ನಿಮ್ಮ ಮಾತಿಗೆ ಬಿಟ್ರಲ್ಲ, ಅದಕ್ಕೆ ಸಿಟ್ಟೂ ಬರುತ್ತೆ ನನಗೆ. ಏನು ಹೇಳ್ಬೇಕಿತ್ತು ಅವರಿಗೆ?”

“ಏನಿಲ್ಲಮ್ಮ, ಸುಮ್ನೆ ವಿಚಾರಿಸ್ಕೊಂಡೆ,” ಎಂದೆ.

ಹೇಳಬೇಕಿತ್ತು. ಹಿಂದಿನ ಮೆಟ್ಟಿಲಿಗೆ ಹೋದೆ, ಲೈಟರ್ ಮತ್ತೆ ಅಕ್ಕನ ಸೂಜಿ ಡಬ್ಬಿಯಲ್ಲಿ ಸಿಕ್ಕಿಬಿದ್ದಿದೆ. ಕಾವಲುಗಾರನ ಹತ್ತಿರ ಬೆಂಕಿಪೊಟ್ಟಣ ಇರಲಿಲ್ಲ. ಸುಮ್ಮನೆ ಕೂತು ಪಾರಿವಾಳ ನೋಡಿ ಬಂದೆ.

ಏಪ್ರಿಲ್ 24, ಶುಕ್ರವಾರ

ಮತ್ತೆ ಸತ್ತು ಬದುಕಿದೆವು. ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಎರಡನೇ ಮಸೂದೆ ಪಾಸಾಯಿತು. ಎಷ್ಟು ದಿನ? ಒಂದು ವಾರ. ಮೇ ಒಂದರವರೆಗೆ.

ಲಸಿಕೆಯವರು ಚೀಲ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಸಾಕಾಗಿದ್ದಾರೆ. ಐಸ್ ಪೆಟ್ಟಿಗೆಯ ಮೇಲೇ ಊಟ ಮಾಡುತ್ತಿದ್ದರು. ನೀರಿನವರಿಗೆ ಬಾಟಲಿ ಮುಗಿದಿದೆ, ಬಾಟಲಿ ತರಿಸುವುದು ಹೊಸ ಕೆಲಸವೋ ಹಳೆಯದೋ ಎಂದು ಬರೆದು ಕೇಳಿದ್ದಾರೆ. ಉತ್ತರ ಬರುವಷ್ಟರಲ್ಲಿ ಬಾವಿಯೇ ಬತ್ತಬಹುದು.

ಮೇ ಒಂದರಿಂದ ಮೇ ಆರಕ್ಕೆ ಐದೇ ದಿನ. ಒಂದು ವಾರ ಕೊಟ್ಟವರು ಇನ್ನೊಂದು ವಾರ ಕೊಡದೆ ಇರುತ್ತಾರೆಯೇ? ಡ್ರೈವರಿಗೆ ಸದ್ಯ ಏನೂ ಹೇಳುವುದು ಬೇಡ.

ಏಪ್ರಿಲ್ 29, ಬುಧವಾರ

ಇನ್ನೂ ಹೇಳಿಲ್ಲ. ನಾಳೆ ಹೇಳುತ್ತೇನೆ.

ಮೇ 1, ಶುಕ್ರವಾರ

ನಾನು ಮಾಡಿದ್ದನ್ನು ನೆಟ್ಟಗೆ ಬರೆಯುತ್ತೇನೆ.

ಕಾರ್ಮಿಕ ದಿನದ ರಜೆಯಾದರೂ ಸಂಜೆ ಐದರವರೆಗೆ ಲೈನ್ ಇರುತ್ತದೆ ಎಂದಿದ್ದರು. ಕೊನೆಯ ಗಳಿಗೆಯಲ್ಲಿ ಮಸೂದೆ ಬಂದರೂ ಬರಬಹುದು, ನಾಲ್ಕೂವರೆಗೆ ಡ್ರೈವರಿಗೆ ಫೋನ್ ಮಾಡಿ ಹೇಳೋಣ ಎಂದುಕೊಂಡಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಹೆಡ್‌ಫೋನಿನಲ್ಲಿ ಒಂದು ಸಣ್ಣ ಟಕ್ ಎಂಬ ಸದ್ದು ಬಂತು. ಫೋನು ಹೋಯಿತು, ಕಂಪ್ಯೂಟರೂ ಹೋಯಿತು.

ಅವರ ನಂಬರ್ ನನ್ನ ಹತ್ತಿರ ಇಲ್ಲ. ನಮ್ಮಲ್ಲಿ ಹೆಸರು ಕೇಳುವುದಿಲ್ಲ, ನಂಬರ್ ಪರದೆಯ ಮೇಲೆ ಕಾಣುವುದೇ ಇಲ್ಲ, ಕೇಸಿನ ಪಕ್ಕದ ಗುಂಡಿ ಒತ್ತಿದರೆ ಕರೆ ತಾನೇ ಹೋಗುತ್ತದೆ. ಕರೆ ಮಾಡಿದವರ ಗುಟ್ಟು ಹೊರಗೆ ಹೋಗಬಾರದು ಎಂದು ಹಾಗೆ ಮಾಡಿದ್ದಾರೆ. ಮೇಡಂ ಅವರನ್ನು ಕೇಳಿದೆ.

“ನನಗೂ ತೆಗೆಯಕ್ಕಾಗಲ್ಲ ಕಣ್ರೀ,” ಎಂದರು. ಅವರ ಕಣ್ಣು ಕೆಂಪಾಗಿತ್ತು. ಹನ್ನೊಂದು ವರ್ಷ ಅವರು ಈ ಕುರ್ಚಿಯಲ್ಲಿ ಕೂತಿದ್ದಾರೆ. ಮಂಜೂರಾತಿಗೆ ಮಾತ್ರ ನಗುತ್ತಾರೆ ಎಂದು ಬರೆದಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡೆ.

ಸದನದವರನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಕೊನೆಯ ಗಳಿಗೆಗೆ ಮುಂದೂಡಿದವನೇ. ನಾಚಿಕೆಯಾಗುತ್ತಿದೆ.

ಮೇ 4, ಸೋಮವಾರ

ಬಸ್ ನಿಲ್ದಾಣಕ್ಕೆ ಹೋದೆ. ಎರಡು ವರ್ಷದಿಂದ ಆ ರಸ್ತೆಯಲ್ಲೇ ಓಡಾಡಿರಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಏಳನೇ ಪ್ಲಾಟ್‌ಫಾರ್ಮಿನಲ್ಲಿ ಆರು ಬೆಂಚು, ನಲವತ್ತು ಜನ, ಎಲ್ಲರ ಕಾಲೂ ಚೀಲ ಮೂಟೆಗಳ ಹಿಂದೆ, ಬ್ಯಾಂಡೇಜು ಕಾಣುವಂತಿಲ್ಲ. ಡ್ರೈವರ ಮುಖ ನಾನು ಕಂಡಿಲ್ಲ. ಡಿಪೋದಲ್ಲಿ ಕೇಳಿದರೆ ಗೊತ್ತಾಗುತ್ತಿತ್ತು, ಆದರೆ ‘ಸಿಗರೇಟು ಬಿಡುತ್ತಿರುವ ಡ್ರೈವರು ಯಾರು’ ಎಂದು ಊರಿಗೆಲ್ಲ ಡಂಗುರ ಹೊಡೆಯುವುದು ಹೇಗೆ? ದಪ್ಪ ಮೀಸೆಯವರೊಬ್ಬರು ಕಂಡರು. ದನಿ ದಪ್ಪವಿದ್ದವರಿಗೆ ಮೀಸೆಯೂ ದಪ್ಪ ಇರಬೇಕೆಂದು ನನ್ನ ತರ್ಕ. ಪಕ್ಕದಲ್ಲಿ ಕೂತು ಮೆಲ್ಲಗೆ, “ಬೆರಳು ಹೇಗಿದೆ?” ಎಂದೆ. ಅವರು ಎದ್ದು ಎಂಟನೇ ಪ್ಲಾಟ್‌ಫಾರ್ಮಿಗೆ ಹೋದರು. ಇನ್ನೊಬ್ಬರು ಪೊಲೀಸರನ್ನು ಕರೆಯುತ್ತೇನೆ ಎಂದರು.

ಮನೆಗೆ ಬಂದೆ. ಅಕ್ಕ ನನ್ನ ಅಂಗಿ ಒಗೆಯಲು ಹಾಕುವಾಗ ಮೂಸಿದಳು, ಮತ್ತೆ ಮೂಸಿದಳು. “ಸೋಪು ಬದಲಾಯಿಸಿದ್ಯಾ?”

ಇಲ್ಲ ಎಂದೆ. ನನಗೆ ಸೋಪಿನ ಚಿಂತೆಯೇ?

ಮೇ 5, ಮಂಗಳವಾರ

ಸಿಸ್ಟರ್ ಫೋನ್ ಮಾಡಿದ್ದರು. ಸದನದಲ್ಲಿ ಇನ್ನೂ ಮಾತು ನಡೆದಿದೆಯಂತೆ. ನಡೆಯಲಿ.

ಒಂದು ಯೋಚನೆ ಬಂದಿದೆ. ಬರೆದರೆ ನನಗೇ ಹುಚ್ಚಾಟ ಎನಿಸಬಹುದು, ಆದ್ದರಿಂದ ಬರೆಯುವುದಿಲ್ಲ. ಅಕ್ಕನಿಗೆ ನೀಲಿ ಅಂಗಿ ಇಸ್ತ್ರಿ ಮಾಡಿಡು ಎಂದೆ. “ಯಾರನ್ನ ನೋಡಕ್ಕೆ?” ಎಂದು ಕೇಳಿದಳು. “ಯಾರು ಅಂತ ಗೊತ್ತಿಲ್ಲ,” ಎಂದೆ. ಅವಳು ತಲೆ ಮೇಲೆ ಕೈ ಹೊತ್ತು ಕೂತಳು.

ಮೇ 6, ಬುಧವಾರ

ಒಂಬತ್ತೂವರೆಗೆ ನಿಲ್ದಾಣದ ವಿಚಾರಣಾ ಕೊಠಡಿಯಲ್ಲಿದ್ದೆ. ಅಲ್ಲಿನ ಗುಮಾಸ್ತೆ ನನ್ನ ಹಳೆಯ ಜೊತೆಗಾತಿ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆಂದು ಅವಳಿಗೆ ನಾವಿಟ್ಟ ಹೆಸರು ಚೀಟಿ. ಹಳೆಯ ಮೈಕು ಅವಳ ಮೇಜಿನ ಕೆಳಗೆ ಇನ್ನೂ ಇದೆ, ಮಕ್ಕಳು ಕಳೆದುಹೋದಾಗ ಬೇಕಾಗುತ್ತದೆ ಎಂದು ಇಟ್ಟಿದ್ದಾರೆ. ಯಂತ್ರದಮ್ಮನಿಗೆ ಅಳುವ ಮಗುವಿನ ಬಟ್ಟೆಯ ಬಣ್ಣ ಹೇಳಲು ಬರುವುದಿಲ್ಲವಲ್ಲ.

ಕಸುಬು, ಕಾಯಿಲೆ ಏನೂ ಹೇಳದೆ ವಿಷಯ ತಿಳಿಸಿದೆ. ಒಬ್ಬರಿಗೆ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ ಎಂದಿದ್ದೆ, ಫೋನಿಲ್ಲ, ಅವರ ಹೆಸರು, ಮುಖ ಗೊತ್ತಿಲ್ಲ, ಏಳನೇ ಪ್ಲಾಟ್‌ಫಾರ್ಮಿನಲ್ಲಿ ಇರುತ್ತಾರೆ.

“ರೂಲ್ಸಲ್ಲಿ ಇಲ್ಲ,” ಎಂದಳು. ಆದರೂ ಪುಸ್ತಕ ಎಳೆದುಕೊಂಡಳು. “ಕಳೆದುಹೋದವರ ಪಟ್ಟೀಲಿ ಬರ್ಕೊತೀನಿ. ಬಟ್ಟೆ ಬಣ್ಣ?”

“ಗೊತ್ತಿಲ್ಲ.”

“ವಯಸ್ಸು?”

“ಐವತ್ತು, ಐವತ್ತೈದು.”

“ಒಳ್ಳೇ ಮಗು,” ಎಂದು ಬರೆದುಕೊಂಡಳು. “ಎರಡೇ ನಿಮಿಷ.”

ಗೋಡೆ ಗಡಿಯಾರದ ಮುಳ್ಳು ಹತ್ತಕ್ಕೆ ಬರುವುದನ್ನೇ ನೋಡುತ್ತಿದ್ದೆ. ಯಂತ್ರದಮ್ಮ ಒಂದು ಊರಿನ ಹೆಸರಿನ ನಡುವೆ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಚೀಟಿ ಅವಳ ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು. ಹತ್ತು ಗಂಟೆ.

“ಪ್ರಯಾಣಿಕರ ಗಮನಕ್ಕೆ. ಏಳನೇ ಪ್ಲಾಟ್‌ಫಾರ್ಮಿನಲ್ಲಿ ಹತ್ತು ಗಂಟೆಯ ಕರೆಗಾಗಿ ಕಾಯುತ್ತಿರುವವರೇ, ನಿಮ್ಮ ಕರೆ ಸರಿಯಾದ ಸಮಯಕ್ಕೆ ಬಂದಿದೆ. ಫೋನಿನ ತೊಂದರೆಯಿಂದ ಈ ಮೈಕಿನಲ್ಲಿ ಮಾತಾಡಲಾಗುತ್ತಿದೆ. ಇಂದಿಗೆ ಮೂವತ್ತು ದಿನ. ನಮ್ಮ ಒಂದೇ ಪ್ರಶ್ನೆಗೆ ನಿಮ್ಮ ಉತ್ತರ ‘ಒಂದೂ ಇಲ್ಲ’ ಎಂದಾದರೆ ದಯವಿಟ್ಟು ಕೈ ಎತ್ತಿ. ಎದ್ದು ನಡೆಯಬೇಡಿ. ನಾನೇ ಬರುತ್ತೇನೆ.”

ಇಡೀ ನಿಲ್ದಾಣ ತಲೆ ಎತ್ತಿ ಧ್ವನಿವರ್ಧಕದ ಕಡೆ ನೋಡಿತು. ಗಾಜಿನಾಚೆ ಏಳನೇ ಪ್ಲಾಟ್‌ಫಾರ್ಮಿನಲ್ಲಿ ಐದಾರು ಜನ ಕೈ ಎತ್ತಿದರು. ಪ್ರಶ್ನೆ ಏನೆಂದು ಗೊತ್ತಿಲ್ಲದಿದ್ದರೂ ಕೈ ಎತ್ತುವವರು ಎಲ್ಲ ಕಡೆಯೂ ಇರುತ್ತಾರೆ. ಆದರೆ ಒಬ್ಬರು ಮಾತ್ರ ಫೋನ್ ಹಿಡಿದ ಕೈ ಎತ್ತಿದ್ದರು. ಸಣಕಲು ಆಳು, ಮೀಸೆಯೇ ಇಲ್ಲ. ಬಲಗಾಲಿಗೆ ದಪ್ಪ ಬ್ಯಾಂಡೇಜು.

ನಾನು ಓಡಿದೆ. ಹೋಗಿ ಪಕ್ಕದಲ್ಲಿ ಕೂತೆ. ನನಗೆ ಅಳು ಬಂದಿತ್ತು. ಅವರಿಗೂ.

“ಒಂದು ನಿಮಿಷ ಲೇಟಾಗಿದ್ರೆ...” ಎಂದವರು ಅಂಗಿ ಜೇಬಿನಿಂದ ಒಂದು ಸಿಗರೇಟು ತೆಗೆದರು. “ಮೊನ್ನೆ ನಿಮ್ಮ ಲೈನಿಗೆ ಫೋನ್ ಮಾಡಿದ್ದೆ. ಈ ಸೇವೆ ಲಭ್ಯವಿಲ್ಲ ಅಂತು. ಇವರೂ ಕೈ ಬಿಟ್ರು ಅಂದ್ಕೊಂಡೆ. ಬೆಳಿಗ್ಗೆ ಇದನ್ನ ತಗೊಂಡೆ. ಹತ್ತು ಗಂಟೆವರೆಗೂ ನೋಡೋಣ ಅಂತ ಕೂತಿದ್ದೆ.”

“ತಪ್ಪು ನಂದು,” ಎಂದು ಎಲ್ಲವನ್ನೂ ಹೇಳಿದೆ. ಇಪ್ಪತ್ತನೇ ತಾರೀಖಿನಿಂದ ಮುಂದೂಡಿದ್ದನ್ನೂ ಬಿಡಲಿಲ್ಲ. ಆಮೇಲೆ, “ಇನ್ನೊಂದು. ನಾನು ಸೇದಲ್ಲ ಅಂದಿದ್ನಲ್ಲ, ಅದು ಸುಳ್ಳು. ಸೇದ್ತೀನಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ಇದನ್ನ ನೀವೇ ಇಟ್ಕೊಳಿ,” ಎಂದು ಸಿಗರೇಟನ್ನು ನನ್ನ ನೀಲಿ ಅಂಗಿಯ ಜೇಬಿಗೆ ಹಾಕಿದರು. “ಕೊನೇದು ಯಾವಾಗ ಸೇದಿದ್ರಿ?”

ಬೆರಳು ಮಡಿಸಿ ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. “ಡೈರಿ ನೋಡಿ ಹೇಳ್ತೀನಿ,” ಎಂದೆ.

“ಯಾವಾಗ ಹೇಳ್ತೀರಿ? ತಾರೀಖು, ವಾರ, ಗಂಟೆ.”

“ಮೇ ಎಂಟು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ಆಪರೇಷನ್ ವಾರ್ಡಿನ ಬಾಗಿಲಲ್ಲಿ.”

ಡ್ರೈವರು ಜೇಬಿನಿಂದ ಕಡಲೆಕಾಯಿ ತೆಗೆದರು. ಇಬ್ಬರೂ ಸುಲಿಯುತ್ತ ಕೂತೆವು.

ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಮೂರನೇ ಮಸೂದೆ ಪಾಸಾಗಿದೆ, ಮೇ ಇಪ್ಪತ್ತರವರೆಗೆ, ನಾಳೆ ಒಂಬತ್ತಕ್ಕೆ ಬನ್ನಿ ಎಂದರು. ನಕ್ಕ ಹಾಗೆ ಕೇಳಿಸಿತು.

ಈಗ ಸಂಜೆ. ಆ ಸಿಗರೇಟು ಈ ಪುಸ್ತಕದ ಪಕ್ಕದಲ್ಲಿದೆ. ಲೈಟರ್ ಅಕ್ಕನ ಸೂಜಿ ಡಬ್ಬಿಯಲ್ಲಿ, ಎದ್ದು ಹೋಗಿ ತರಬೇಕು. ಕೊನೆಯದು ಯಾವಾಗ ಎಂದು ಈ ವಾರದ ಪುಟಗಳಲ್ಲಂತೂ ಕಾಣಲಿಲ್ಲ, ಇನ್ನೂ ಹಿಂದಕ್ಕೆ ತಿರುವಿದರೆ ಸಿಗುತ್ತದೆ, ಆದರೆ ಅಕ್ಕ ಆಗಲೇ ಎರಡು ಸಲ ಊಟಕ್ಕೆ ಕರೆದಳು. ನಾಳೆ ನೋಡುತ್ತೇನೆ. ಶುಕ್ರವಾರ ಏಳರೊಳಗೆ ಗೊತ್ತಾದರೆ ಸಾಕು.